ನಿನ್ನೆಗೆ ಹೋಗುವ ಗಾಣ

ಕೆ.ಆರ್.ಪೇಟೆಯಿಂದ ಹೊಸಹೊಳಲಿಗೆ ಹೋಗುವ ರಸ್ತೆಯ ಎಡಕ್ಕೆ ಚಲುವಾಚಾರಿಯ ಕುಲುಮೆ. ಈಗ ಹೆಸರಿಗಷ್ಟೇ ಕುಲುಮೆ. ವೆಲ್ಡಿಂಗ್ ಮಿಷನ್ನು, ಡ್ರಿಲ್ಲು, ಲೇತು ಒಂದೊಂದಾಗಿ ಬಂದು ಕೂತು ಅಪ್ಪನ ಕಾಲದ ತಿದಿಯನ್ನು ಮೂಲೆಗೆ ತಳ್ಳಿವೆ. ಸುತ್ತಲ ಮೂರು ತಾಲೂಕಿನ ಯಾವ ಆಲೆಮನೆಯಲ್ಲಿ ಕಬ್ಬಿನ ಗಾಣ ಕೆಟ್ಟು ನಿಂತರೂ ಮೊದಲ ಫೋನು ಅವನಿಗೇ. ಬಂದವನೇ ಗಾಣ ಬಿಚ್ಚುವ ಜಾಯಮಾನ ಅವನದಲ್ಲ. ಬಾಗಿಲಲ್ಲಿ ನಿಂತು ಓಡಿಸಲು ಹೇಳಿ, ಎಲೆಅಡಿಕೆ ಅಗಿಯುತ್ತ ಒಂದು ಗಳಿಗೆ ಕಿವಿಗೊಟ್ಟು, ಸವೆದಿರುವುದು ರೋಲೋ ಬೇರಿಂಗೋ ಅಲ್ಲಿಂದಲೇ ಹೇಳಿಬಿಡುತ್ತಿದ್ದ. ಐವತ್ತನಾಲ್ಕು ವರ್ಷದ ಆ ಮನುಷ್ಯನಿಗೆ ಜಂಬ ಅಂತ ಏನಾದರೂ ಇದ್ದರೆ ಅದು ತನ್ನ ಕಿವಿಯ ಮೇಲೆ. ಆ ಕಿವಿಯೇ ಅವನಿಗೆ ಕೈಕೊಟ್ಟಿತು. ಮುಂದೆ ನಗೆಯ ಧಾರಾವಾಹಿಯೊಂದರ ಸುದ್ದಿ ಬರುತ್ತದೆ ನಿಜ, ಆದರೆ ನಗಲೆಂದು ಯಾರೂ ಸಿದ್ಧರಾಗಿ ಕೂರುವುದು ಬೇಡ.

ಧಾರಾವಾಹಿಯ ಹೆಸರು ‘ನಾಗಮಂಗಲದಿಂದ ಮಂಗಳಕ್ಕೆ’. ನಾಗಮಂಗಲದ ಕೊಬ್ಬರಿ ಮಂಡಿಯೊಂದರ ಮಹಡಿಯಲ್ಲಿ ನಾಲ್ಕು ಜನ ಸೇರಿಕೊಂಡು ಮಂಗಳ ಗ್ರಹಕ್ಕೆ ಹೋಗಲು ಹವಣಿಸುವ ಕಥೆ. ಒಬ್ಬ ನಿವೃತ್ತ ಲೆಕ್ಚರರು, ಒಬ್ಬ ರೇಡಿಯೋ ರಿಪೇರಿಯವನು, ಒಬ್ಬ ಮಂಡಿ ಸಾಹುಕಾರ, ಇವರ ಕೈಕೆಳಗೆ ‘ಕೊಬ್ರಿ ಸೈಂಟಿಸ್ಟ್’ ಅನ್ನುವ ಅಡ್ಡಹೆಸರಿನ ತರಲೆ. ತೆಂಗಿನ ನಾರಿನಿಂದ ರಾಕೆಟ್ಟು ಹಾರಿಸಲು ಹೋಗಿ ಪಕ್ಕದವರ ಹುಲ್ಲಿನ ಮೆದೆಗೆ ಬೆಂಕಿ ಹಚ್ಚುತ್ತಾರೆ. ಸೊಳ್ಳೆಯ ಮಾತನ್ನು ಕನ್ನಡಕ್ಕೆ ತಿರುಗಿಸುವ ರೇಡಿಯೋ ಮಾಡುತ್ತಾರೆ. ಸೊಳ್ಳೆಗಳು ಅದರಲ್ಲಿ ತಾಲೂಕು ಆಫೀಸಿನ ಮೇಲೆ ದೂರು ಹೇಳುತ್ತವೆ. ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದು ಬಂತೆಂದರೆ ನಮ್ಮ ಕಡೆಯ ಜನ ಇದ್ದ ಕೆಲಸ ಇದ್ದಲ್ಲೇ ಬಿಟ್ಟು ಕೂರುತ್ತಿದ್ದರು.

ಆ ಯಂತ್ರಗಳನ್ನೆಲ್ಲ ಮಾಡಿಕೊಟ್ಟವನು ಚಲುವಾಚಾರಿ. ನಿರ್ದೇಶಕ ಅಭಿಲಾಷ್ ಬೆಂಗಳೂರಿನವನು, ಮೂವತ್ತು ದಾಟಿರಲಿಲ್ಲ, ಕೆಟ್ಟವನೇನಲ್ಲ. ಅವನಿಗೆ ಬೇಕಿದ್ದದ್ದು ತೋರಿಕೆಯ ಯಂತ್ರ. ಆಚಾರಿಗೆ ತೋರಿಕೆಯದ್ದು ಮಾಡಲು ಕೈ ಬರುತ್ತಿರಲಿಲ್ಲ. ಚಕ್ರ ಅಂತ ಇಟ್ಟ ಮೇಲೆ ಅದು ತಿರುಗಬೇಕು, ತಿರುಗಿದ ಮೇಲೆ ಏನನ್ನಾದರೂ ಎಳೆಯಬೇಕು. ರಾಗಿ ಮುದ್ದೆ ಕಟ್ಟುವ ಯಂತ್ರ ಕಾಣಿಸಿದರೆ ಸಾಕು ಅಂದರೆ ನಿಜಕ್ಕೂ ಮುದ್ದೆ ಕಟ್ಟುವುದನ್ನೇ ಮಾಡಿಟ್ಟ, ತಂಡದವರೆಲ್ಲ ಅವತ್ತು ಅದನ್ನೇ ಉಂಡರು. ಅಭಿಲಾಷ್ ಹಣೆ ಚಚ್ಚಿಕೊಂಡ, ಆಮೇಲೆ ಅದೇ ಚೆಂದ ಅನ್ನಿಸಿ ಸುಮ್ಮನಾದ.

ಕೊಬ್ರಿ ಸೈಂಟಿಸ್ಟ್ ಆಗಿದ್ದವನು ದಿಲೀಪ. ಪಾಂಡವಪುರದ ಅಂಚಿನ ಒಕ್ಕಲು ಮನೆಯವನು, ಇಪ್ಪತ್ತಾರು ವರ್ಷ. ಮನೆಯಲ್ಲಿ ಎಮ್ಮೆ, ಹಸು, ಬೆಳಿಗ್ಗೆ ಡೇರಿಗೆ ಹಾಲು ಹಾಕುವುದು. ಮಿಕ್ಕ ಹೊತ್ತೆಲ್ಲ ಯಾರದಾದರೂ ನಡಿಗೆ, ಯಾರದಾದರೂ ಕೆಮ್ಮು ಅಣಕಿಸಿ ಜನರನ್ನು ನಗಿಸುವುದು. ಶ್ರೀರಂಗಪಟ್ಟಣದ ದಸರಾ ವೇದಿಕೆಯಲ್ಲಿ ಅವನ ಆಟ ನೋಡಿ ಅಭಿಲಾಷ್ ಕೈಹಿಡಿದು ಕರೆತಂದಿದ್ದ. ಮಾತು ಒರಟು, ಮನಸ್ಸು ಹಸುವಿನದು. ಮೊದಲ ದಿನವೇ ಅವನು ಚಲುವಾಚಾರಿಗೆ ಗಂಟುಬಿದ್ದ, ‘ಆಚಾರಣ್ಣ’ ಅಂದ. ಮಕ್ಕಳಿಲ್ಲದ ಆಚಾರಿಗೆ ಆ ಕರೆ ಎಷ್ಟು ಹಿತವಾಗಿತ್ತು ಅನ್ನುವುದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ದಿಲೀಪನಿಗೆ ಹೆಸರು ತಂದ ಮಾತು ಒಂದೇ ಒಂದು: ‘ಬುಡು’, ಅಂದರೆ ನಮ್ಮ ಕಡೆಯ ‘ಬಿಡು’. ಅದು ಚಲುವಾಚಾರಿಯದು. ಆಲೆಮನೆಯಲ್ಲಿ ಕಬ್ಬು ಕೊಡುವವನು ಗಾಣದ ಮುಂದೆ, ಇಂಜಿನ್ನು ನೋಡುವವನು ಹಿಂದೆ. ಮುಂದಿನವನು ‘ಬುಡು’ ಅಂದರೆ ಓಡಿಸಬೇಕು, ಮತ್ತೆ ‘ಬುಡು’ ಅಂದರೆ ವೇಗ ಏರಿಸಬೇಕು, ‘ತಡಿ’ ಅಂದರೆ ನಿಲ್ಲಿಸಬೇಕು. ಮುದ್ದೆ ಯಂತ್ರ ಪರೀಕ್ಷೆ ಮಾಡುವಾಗ ಆಚಾರಿ ಅಭ್ಯಾಸಬಲದಿಂದ ‘ಬುಡು’ ಅಂದದ್ದನ್ನು ದಿಲೀಪ ಕೇಳಿಸಿಕೊಂಡ. ಗದ್ದ ಮೇಲೆತ್ತಿ, ಒಂದು ಹುಬ್ಬು ಏರಿಸಿ, ‘ಬುಡು... ಬುಡು... ಬುಡು’ ಎಂದು ಮೂರು ಸಲ ಅಂದು ತೋರಿಸಿದ. ಅಭಿಲಾಷ್ ಬಿದ್ದುಬಿದ್ದು ನಕ್ಕ. ಅಲ್ಲಿಂದ ಮುಂದೆ ಯಾವ ಯಂತ್ರ ಹೊರಟರೂ ಅದೇ ಮಾತು, ಮೂರೇ ಸಲ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳು ಡ್ರೈವರಿಗೆ ಹಾಗೆ ಹೇಳತೊಡಗಿದರು. ಶಾಲೆ ಮಕ್ಕಳಿಗೆ ಅದೇ ಆಟವಾಯಿತು.

ಚಿತ್ರೀಕರಣ ಪಾಂಡವಪುರದ ಹತ್ತಿರ ಇದ್ದಾಗ ದಿಲೀಪ ಆಚಾರಿಯನ್ನು ಮಧ್ಯಾಹ್ನದ ಊಟಕ್ಕೆ ತನ್ನ ಮನೆಗೇ ಎಳೆದುಕೊಂಡು ಹೋಗುತ್ತಿದ್ದ. ತಾಯಿ ಜಯಲಕ್ಷ್ಮಮ್ಮ ಬಡಿಸುತ್ತ ಮಗನ ಮಾನ ಕಳೆಯುವಳು. ಆರು ವರ್ಷದವನಿದ್ದಾಗ ಎಮ್ಮೆ ಮೇಯಿಸಲು ಹೋಗಿ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡಿದ್ದನಂತೆ. ಎಮ್ಮೆ ನಾಲೆ ಕಂಡು ಓಟ ಕಿತ್ತಿತು. ಹಗ್ಗ ಸುತ್ತಿಕೊಂಡವನು ಇವನು, ಆದರೆ ‘ಬುಡು, ಬುಡು’ ಎಂದು ಎಮ್ಮೆಯ ಮೇಲೆ ಕೂಗಾಡುತ್ತ ಗದ್ದೆಯ ಬದುವಿನುದ್ದಕ್ಕೂ ಎಳೆಸಿಕೊಂಡು ಹೋದನಂತೆ. ಅವನ ಬಲ ಮಣಿಕಟ್ಟಿನ ಕಲೆಯನ್ನು ಅವಳು ಎತ್ತಿ ತೋರಿಸಿದಳು. ಎಲ್ಲರೂ ನಕ್ಕರು, ಚಲುವಾಚಾರಿ ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕ.

ಇಪ್ಪತ್ತೆರಡನೆಯ ಕಂತಿಗೆ ಅಭಿಲಾಷ್ ಬರೆದದ್ದು ನಿನ್ನೆಗೆ ಹೋಗುವ ಗಾಣ. ಈ ಕಡೆಯಿಂದ ಇವತ್ತಿನ ಕಬ್ಬು ಕೊಟ್ಟರೆ ಆ ಕಡೆ ನಿನ್ನೆಯ ಕಬ್ಬಿನ ಹಾಲು ಇಳಿಯಬೇಕು. ಅದನ್ನು ಕುಡಿದವರು ನಿನ್ನೆಗೆ ಹೋಗಿ ಮಾಡಿದ ತಪ್ಪನ್ನು ಸರಿ ಮಾಡಿಕೊಂಡು ಬರಬೇಕು. ಪಾಂಡವಪುರದಾಚೆ ನಾಲೆಯ ಪಕ್ಕ ಮರಿಸ್ವಾಮಿಯವರ ಆಲೆಮನೆ ಎರಡು ವರ್ಷದಿಂದ ಮುಚ್ಚಿತ್ತು, ಅದನ್ನೇ ಹಿಡಿದರು. ರೋಲುಗಳನ್ನು ಥರ್ಮಾಕೋಲಿನಲ್ಲಿ ಮಾಡಿಸಿ ಬಣ್ಣ ಬಳಿದರಾಯಿತು ಅಂದ ಅಭಿಲಾಷ್. ಚಲುವಾಚಾರಿಗೆ ಅದು ಅವಮಾನ ಅನ್ನಿಸಿತು. ಅಸಲಿ ಗಾಣ ಕಣ್ಣೆದುರಿಗೆ ತುಕ್ಕು ಹಿಡಿದು ಕೂತಿರುವಾಗ ಥರ್ಮಾಕೋಲಿನ ಗಾಣ ಆಡಿಸುವುದಕ್ಕೆ ತಾನು ಯಾಕೆ ಬೇಕು ಅಂದ. ನಾಲ್ಕು ದಿನ ಕೂತು ತುಕ್ಕು ಕೆರೆದು, ಗ್ರೀಸು ತುಂಬಿ, ಡೀಸೆಲ್ ಇಂಜಿನ್ನಿಗೆ ಹೊಸ ಬೆಲ್ಟು ಹಾಕಿ ಗಾಣವನ್ನು ಮದುಮಗಳಂತೆ ಎಬ್ಬಿಸಿ ನಿಲ್ಲಿಸಿದ.

ಎರಡು ವಿಷಯಕ್ಕೆ ಅವನು ತಕರಾರು ತೆಗೆದದ್ದು ನಿಜ. ವಿಜ್ಞಾನಿಯ ಬಿಳಿ ಕೋಟಿನ ಜೋತಾಡುವ ತೋಳು ಗಾಣದ ಹತ್ತಿರ ಬರಕೂಡದು ಅಂದ. ಕೋಟಿಲ್ಲದ ವಿಜ್ಞಾನಿಯನ್ನು ಯಾರು ನಂಬುತ್ತಾರೆ ಅಂದ ಅಭಿಲಾಷ್; ದಿಲೀಪ ತೋಳು ಮಡಚಿಕೊಂಡ, ಶಾಟ್ ಬಂದಾಗ ಇಳಿಸಿಕೊಂಡ. ಇನ್ನೊಂದು, ಇಂಜಿನ್ನು ಕ್ಯಾಮೆರಾಗೆ ಕಾಣಬಾರದೆಂದು ನಡುವೆ ಪ್ಲೈವುಡ್ಡಿನ ಹಲಗೆ ನಿಲ್ಲಿಸಿ ಅದರ ಮೇಲೆ ಗ್ರಹ ನಕ್ಷತ್ರ ಬರೆಸಿದ್ದರು. ಹಲಗೆಯ ಹಿಂದೆ ನಿಂತರೆ ಗಾಣ ಕಾಣುವುದಿಲ್ಲ ಅಂದ ಆಚಾರಿ. ಅದಕ್ಕೆ ದಿಲೀಪನೇ ಉತ್ತರ ಕೊಟ್ಟ.

“ನೀನ್ಯಾಕೆ ನೋಡ್ಬೇಕು ಆಚಾರಣ್ಣ? ನಿನ್ ಕಿವಿ ಸಾಕು. ನಾನು ಬುಡು ಅಂದ್ರೆ ಬುಡು.”

ಆ ಮಾತಿಗೆ ಆಚಾರಿ ಉಬ್ಬಿದ. ಮೊದಲ ಬುಡುವಿಗೆ ಇಂಜಿನ್ನಿನ ಹಿಡಿಯನ್ನು ಒಂದು ಮೆಟ್ಟಿಲು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಪೂರ್ತಿ ಎಂದು ನಿಶ್ಚಯವಾಯಿತು. ನಿಲ್ಲಿಸುವ ಮಾತು ಅಭಿಲಾಷನದು: ಅವನು ಕಟ್ ಅನ್ನಬೇಕು. ಹಾಗಾಗಿ ಆಲೆಮನೆಯ ‘ತಡಿ’ಯನ್ನು ಯಾರೂ ನೆನೆಯಲಿಲ್ಲ. ದಿಲೀಪ ಎಮ್ಮೆ ಕಟ್ಟಿದವನು, ಗಾಣಕ್ಕೆ ಕಬ್ಬು ಕೊಟ್ಟವನಲ್ಲ. ಓಡಿಸುವ ಮಾತನ್ನು ಅವನಿಗೆ ಕಲಿಸಿದ ಚಲುವಾಚಾರಿ ನಿಲ್ಲಿಸುವ ಮಾತನ್ನು ಕಲಿಸಲಿಲ್ಲ.

ಅವತ್ತು ಅಮಾವಾಸ್ಯೆ. ಆಚಾರಿಗಳು ಅಮಾವಾಸ್ಯೆ ದಿನ ಕಬ್ಬಿಣ ಮುಟ್ಟುವುದಿಲ್ಲ, ಕುಲುಮೆಗೆ ರಜೆ. ಇದು ಕೆಲಸವಲ್ಲ, ಆಟ ತಾನೇ ಅಂದುಕೊಂಡು ಅವನು ಹೋದ. ಬೆಳಗಿನ ಹತ್ತೂವರೆ. ಕ್ಯಾಮೆರಾ ದಿಲೀಪನ ಮುಖದ ಹತ್ತಿರ ಇತ್ತು, ಮಿಕ್ಕವರೆಲ್ಲ ಮಾನಿಟರಿನ ಮುಂದೆ. ಮೊದಲ ಬುಡು ಬಂತು, ಆಚಾರಿ ಹಿಡಿ ಎತ್ತಿದ, ಗಾಣ ಹೊರಟಿತು. ಎರಡನೆಯದು ಬಂತು. ಇಂಜಿನ್ನಿನ ಸದ್ದು ಒಂದು ಕ್ಷಣ ಭಾರವಾದಂತೆ ಕೇಳಿಸಿತು, ಮೂರು ನಾಲ್ಕು ಜಲ್ಲೆ ಒಟ್ಟಿಗೆ ಕೊಟ್ಟಾಗ ಆಗುವ ಹಾಗೆ. ಹುಡುಗ ಹುರುಪಿನಲ್ಲಿ ಕಬ್ಬು ಜಾಸ್ತಿ ತುರುಕಿದ್ದಾನೆ ಅಂದುಕೊಂಡು ಹಿಡಿ ಏರಿಸಿದ. ಆ ಕಡೆ ಜನ ನಗುತ್ತಿದ್ದರು. ಮೂರನೆಯದು ಬಂತು, ಪೂರ್ತಿ ಏರಿಸಿದ. ಬೆಲ್ಟು ಕಿತ್ತು ಹಾರಿತು. ಆಮೇಲೆ ಕೇಳಿದ್ದು ನಗು ನಿಂತುಹೋದ ಸದ್ದು.

ದಿಲೀಪನ ಬಲಗೈ ಭುಜದವರೆಗೂ ಹೋಗಿತ್ತು. ಗಾಣವನ್ನು ಹಿಂದಕ್ಕೆ ತಿರುಗಿಸಿ ಬಿಡಿಸಿದವನೂ ಚಲುವಾಚಾರಿಯೇ. ಅಲ್ಲಿದ್ದವರಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ. ಮೈಸೂರಿನ ಆಸ್ಪತ್ರೆ ಮುಟ್ಟುವ ಮೊದಲು, ಶ್ರೀರಂಗಪಟ್ಟಣದ ಸೇತುವೆಯ ಮೇಲೆ, ಅವನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹುಡುಗ ಹೋಗಿಬಿಟ್ಟ.

ಪೊಲೀಸರು ಕೇಳಿದ್ದಕ್ಕೆ ಚಲುವಾಚಾರಿ ಇದ್ದದ್ದನ್ನೇ ಹೇಳಿದ. ಮೂರು ಸಲ ಬುಡು ಅಂದ, ಮೂರು ಸಲ ಬಿಟ್ಟೆ, ಆಮೇಲೆ ಹೀಗಾಯಿತು. ಅಭಿಲಾಷನೂ ಅದನ್ನೇ ಹೇಳಿದ, ಮಾನಿಟರಿನ ಮುಂದಿದ್ದವರೂ ಅದನ್ನೇ ಹೇಳಿದರು. ಕೋಟಿನ ತೋಳು ಸಿಕ್ಕಿಕೊಂಡು ಆಕಸ್ಮಿಕ ಸಾವು ಎಂದು ಬರೆದು ಮುಗಿಸಿದರು. ಆಚಾರಿಯ ಹೆಂಡತಿ ಸೋಮಮ್ಮ, ಅಮಾವಾಸ್ಯೆ ದಿನ ಕಬ್ಬಿಣ ಮುಟ್ಟಿದ್ದಕ್ಕೇ ಹೀಗಾಯಿತು ಎಂದು ಅತ್ತಳು. ಅವಳು ಹಾಗೆಂದಾಗ ಅವನಿಗೆ ಒಳಗೊಳಗೇ ಸಮಾಧಾನವಾಯಿತು. ಅಮಾವಾಸ್ಯೆಯ ಮೇಲೆ ಹೊರೆ ಹಾಕಬಹುದಲ್ಲ. ಆ ಭಾರವಾದ ಸದ್ದು ಮಾತ್ರ ಅವನನ್ನು ಬಿಡಲಿಲ್ಲ. ಊಟಕ್ಕೆ ಕೂತರೆ ಅದು, ಬಸ್ಸಿನಲ್ಲಿ ಕೂತರೆ ಅದು. ಕುಲುಮೆಯ ಬಾಗಿಲು ತೆಗೆಯುವುದನ್ನೇ ಬಿಟ್ಟ.

ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋದಾಗ ಜಯಲಕ್ಷ್ಮಮ್ಮ ಅವನನ್ನು ಪಕ್ಕಕ್ಕೆ ಕರೆದಳು. ಅಳುತ್ತಿರಲಿಲ್ಲ, ಅತ್ತು ಅತ್ತು ಒಣಗಿಹೋಗಿದ್ದಳು. ಒಂದೇ ಮಾತು ಕೇಳಿದಳು, ಮಗ ಕೂಗಿಕೊಂಡನೇ, ನನ್ನನ್ನು ಕರೆದನೇ ಎಂದು.  ಚಲುವಾಚಾರಿಯ ನಾಲಿಗೆ ಅದಾಗಿ ಅದೇ ಹೊರಳಿತು.

“ಅವ್ನಿಗೆ ಗೊತ್ತೇ ಆಗ್ಲಿಲ್ಲ ಕಣವ್ವ. ನಗ್ತಾ ನಗ್ತಾನೇ ಓದ.”

ಅವಳು ಕಣ್ಣು ಮುಚ್ಚಿ ಎರಡೂ ಕೈ ಮುಗಿದಳು. ಅಲ್ಲಿಂದ ಮುಂದೆ ಮನೆಗೆ ಬಂದವರಿಗೆಲ್ಲ ಅವಳು ಅದನ್ನೇ ಹೇಳುವಳು: ನನ್ನ ಮಗ ನಗುತ್ತ ಹೋದ, ಆಚಾರ್ರು ಅಲ್ಲೇ ಇದ್ದರು, ಅವರೇ ಹೇಳಿದ್ದು. ಆ ಒಂದು ಮಾತನ್ನು ಹಿಡಿದುಕೊಂಡು ಅವಳು ಮತ್ತೆ ಹಾಲು ಕರೆಯತೊಡಗಿದಳು, ಮತ್ತೆ ಅನ್ನ ತಿಂದಳು. ಸಂತೆಯಲ್ಲಿ ಸಿಕ್ಕ ದಿಲೀಪನ ಅಕ್ಕ ದೀಪಶ್ರೀ ಇದನ್ನೆಲ್ಲ ಹೇಳಿ, ನೀವು ಅಂದ ಮಾತೇ ನಮ್ಮವ್ವನನ್ನು ಉಳಿಸಿತು ಅಂದಾಗ, ಚಲುವಾಚಾರಿ ಕೊಳ್ಳಬೇಕಾದ್ದನ್ನೂ ಕೊಳ್ಳದೆ ಮನೆಗೆ ಬಂದ.

ಮೂರು ತಿಂಗಳಾದ ಮೇಲೆ ಅಭಿಲಾಷ್ ಫೋನು ಮಾಡಿದ. ಧಾರಾವಾಹಿ ನಿಂತಿತ್ತು. ದಿಲೀಪನ ನೆನಪಿಗೆ ಕೊನೆಯ ಕಂತನ್ನು ತೋರಿಸಬೇಕೆಂದು ಚಾನೆಲ್ಲಿನವರು ಹೇಳಿದ್ದರು. ಆಲೆಮನೆಯಲ್ಲಿ ಇಂಜಿನ್ನಿನ ಗಲಾಟೆ ಇದ್ದದ್ದರಿಂದ ಅಲ್ಲಿನ ಮಾತನ್ನೆಲ್ಲ ಸ್ಟುಡಿಯೋದಲ್ಲಿ ಮತ್ತೆ ಹೇಳಿಸಬೇಕಿತ್ತು. ದಿಲೀಪನ ಬೇರೆ ಮಾತುಗಳನ್ನು ಬೆಂಗಳೂರಿನ ಮಿಮಿಕ್ರಿಯವನೊಬ್ಬ ಹೇಳಿ ಮುಗಿಸಿದ್ದ. ಬುಡು ಮಾತ್ರ ಅವನ ಬಾಯಲ್ಲಿ ಬಿಡುವಿಗೂ ಬುಡುವಿಗೂ ನಡುವೆ ಸಿಕ್ಕಿಕೊಂಡು ಒದ್ದಾಡುತ್ತಿತ್ತಂತೆ. ಹಳೆಯ ಕಂತುಗಳ ಬುಡು ತಂದು ಅಂಟಿಸಿದರೆ ತುಟಿಗೆ ಕೂರುತ್ತಿಲ್ಲವಂತೆ. ಅದು ನಿಮ್ಮ ಮಾತೇ ಅಲ್ಲವಾ ಸರ್, ನೀವೇ ಬಂದು ಮೂರು ಸಲ ಹೇಳಿಹೋಗಿ ಅಂದ.

ಆಗುವುದಿಲ್ಲ ಅಂದ ಚಲುವಾಚಾರಿ. ಮಾರನೆಯ ದಿನವೇ ಜಯಲಕ್ಷ್ಮಮ್ಮನ ಫೋನು ಬಂತು. ಮಗ ಕೊನೆಯ ಸಲ ನಗುವುದನ್ನು ತಾನು ನೋಡಬೇಕು, ಯಾರೋ ಗುರುತಿಲ್ಲದವರ ದನಿಯಲ್ಲಿ ಬೇಡ ಅಂದಳು.

“ನೀವ್ ಯೇಳ್ಕೊಟ್ಟ ಮಾತು ಆಚಾರ್ರೆ, ನೀವೇ ಆಡಿ. ನಮ್ ಉಡ್ಗುಂಗೆ ಅಷ್ಟಾದ್ರೂ ಮಾಡಿ.”

ಇದಕ್ಕೆ ಇಲ್ಲ ಅನ್ನುವ ಬಾಯಿ ಅವನಿಗಿರಲಿಲ್ಲ. ಬೆಳಗಿನ ಬಸ್ಸು ಹಿಡಿದು ಬೆಂಗಳೂರಿಗೆ ಹೋದ.

ಸ್ಟುಡಿಯೋದ ಒಳಕೋಣೆಗೆ ಕಿಟಕಿಯಿಲ್ಲ, ಒಂದು ಗಾಜು ಅಷ್ಟೆ. ಗಾಜಿನ ಆಚೆ ಅಭಿಲಾಷ್ ಮತ್ತು ಸದ್ದು ಹಿಡಿಯುವವನು, ಈಚೆ ಚಲುವಾಚಾರಿ. ಕಿವಿಗೆ ಹೆಡ್‌ಫೋನು ಹಾಕಿದರು, ಎದುರಿನ ಪರದೆಯ ಮೇಲೆ ದಿಲೀಪ ಬಂದು ನಿಂತ. ಬಿಳಿ ಕೋಟು, ಕೆದರಿದ ಕೂದಲು, ಒಂದು ಜಲ್ಲೆ ಕಬ್ಬು. ಆಚಾರಿಯ ಕಣ್ಣು ತುಂಬಿತು. ಮೂರು ತಿಂಗಳಿಂದ ಕಾಣದ ಮಗ ಎದುರಿಗೆ ಬಂದಂತಾಗಿ ಅವನಿಗೆ ಒಂದು ಕ್ಷಣ ಸಂತೋಷವೇ ಆಯಿತು, ಅದು ಸುಳ್ಳಲ್ಲ. ಮೊದಲು ಒಮ್ಮೆ ಪೂರ್ತಿ ನೋಡಿ ಸರ್ ಅಂದ ಅಭಿಲಾಷ್.

ಮೊದಲ ಬುಡು. ಗದ್ದ ಮೇಲೆ, ಹುಬ್ಬು ಮೇಲೆ, ಎಂದಿನಂತೆಯೇ. ಆಮೇಲೆ ದಿಲೀಪನ ಬಲಭುಜ ಒಂದು ಗೇಣು ಕೆಳಗಿಳಿಯಿತು. ಗದ್ದ ತಗ್ಗಿತು. ಕಣ್ಣು ಅಗಲವಾಗಿ, ಕ್ಯಾಮೆರಾದ ಕಡೆ ನೋಡಬೇಕಾದವನು ಹಲಗೆಯ ಕಡೆ ತಿರುಗಿದ. ಎರಡನೆಯ ಬುಡು. ಹೆಡ್‌ಫೋನಿನಲ್ಲಿ ಇಂಜಿನ್ನಿನ ಸದ್ದು ಭಾರವಾಯಿತು, ಆಮೇಲೆ ಏರಿತು. ಅದನ್ನು ಏರಿಸಿದವನು ತಾನು. ನಾಲ್ಕು ಎಣಿಸುವಷ್ಟು ಹೊತ್ತು ದಿಲೀಪನ ತುಟಿ ಅಲುಗಲಿಲ್ಲ, ಕಣ್ಣು ಹಲಗೆಯನ್ನು ಬಿಟ್ಟು ಕದಲಲಿಲ್ಲ. ಮೂರನೆಯ ಬುಡು. ಅಲ್ಲಿಗೆ ಚಿತ್ರ ನಿಂತಿತು.

“ಎಕ್ಸ್‌ಪ್ರೆಶನ್ ನೋಡಿ ಸರ್,” ಅಂದ ಅಭಿಲಾಷ್. “ರಿಹರ್ಸಲ್‌ನಲ್ಲಿ ಇದು ಇರಲೇ ಇಲ್ಲ. ಕೊನೇ ಟೇಕಿನಲ್ಲಿ ಅವನೇ ಹೊಸದಾಗಿ ಮಾಡಿದಾನೆ. ಎಂಥ ಕಲಾವಿದ.”

ಚಲುವಾಚಾರಿಗೆ ಎಲ್ಲ ಗೊತ್ತಾಯಿತು. ಹುಡುಗ ಹೇಳಿದ ಬುಡು ಒಂದೇ. ಮಿಕ್ಕ ಎರಡು ಅವನ ಪಾತ್ರದ್ದಲ್ಲ. ತೋಳು ಸಿಕ್ಕಿಕೊಂಡಾಗ, ಎಮ್ಮೆ ಎಳೆದುಕೊಂಡು ಹೋದಾಗ ಕೂಗಿದ್ದ ಹಾಗೆ, ಬಿಡಿಸು ಅಂತ ತನ್ನನ್ನು ಕೂಗಿದ್ದ. ಹಲಗೆಯ ಹಿಂದೆ ಆಚಾರಣ್ಣ ಇದ್ದಾನೆ, ಅವನ ಕಿವಿಗೆ ಕೇಳಿಸುತ್ತದೆ ಅಂತ ನಂಬಿ ಕೂಗಿದ್ದ. ಕೇಳಿಸಿತ್ತು. ಕೇಳಿಸಿಯೇ ಇವನು ಗಾಣವನ್ನು ಇನ್ನಷ್ಟು ಬಿಟ್ಟಿದ್ದ. ಎರಡನೆಯದಕ್ಕೆ ನಿಲ್ಲಿಸಿದ್ದರೆ ಬೆರಳು ಹೋಗುತ್ತಿತ್ತು, ಹೆಚ್ಚೆಂದರೆ ಅಂಗೈ. ಹುಡುಗ ಉಳಿಯುತ್ತಿದ್ದ.

ಈ ಚಿತ್ರ ಹಾಕಬೇಡಿ ಸಾರ್ ಅಂದ ಅವನು. ಯಾಕೆ ಅಂದ ಅಭಿಲಾಷ್. ಯಾಕೆಂದು ಹೇಳಿದರೆ ಆ ಕ್ಷಣವೇ ಅದು ಪಾಂಡವಪುರಕ್ಕೆ ಮುಟ್ಟುತ್ತದೆ; ನಗುತ್ತ ಹೋದ ಮಗ ಆ ತಾಯಿಯ ಕೈತಪ್ಪಿ ಹೋಗುತ್ತಾನೆ, ಕೂಗು ಕೇಳಿಯೂ ಹಿಡಿ ಎತ್ತಿದ ಕೈ ಯಾರದು ಅನ್ನುವುದೂ ಗೊತ್ತಾಗುತ್ತದೆ. ಅವಳ ಸಲುವಾಗಿ ಎಷ್ಟು ಹೆದರಿದನೋ ತನ್ನ ಸಲುವಾಗಿಯೂ ಅಷ್ಟೇ ಹೆದರಿದ. ಅಭಿಲಾಷ್ ಮೆಲ್ಲಗೆ, ಅಮ್ಮನೇ ಕೇಳಿದ್ದಾರಲ್ಲ ಸರ್ ಅಂದ. ಹಾಗಾದರೆ ಈ ಎರಡು ಕೂಗಿನ ಮೇಲೆ ತಾನೇ ನಗೆಯ ಬುಡು ಹೊದಿಸಿ ಮುಚ್ಚಿಬಿಡಬೇಕು, ಅದು ಕೂತುಬಿಟ್ಟರೆ ಇನ್ನು ಯಾರಿಗೂ ಗೊತ್ತಾಗುವುದಿಲ್ಲ ಎಂದು ನಿಶ್ಚಯಿಸಿಕೊಂಡು ಅವನು ಮೈಕಿನ ಮುಂದೆ ನಿಂತ.

ಮೊದಲನೆಯದು ಒಂದೇ ಏಟಿಗೆ ಕೂತಿತು. ಎರಡನೆಯದು ಕೂರಲಿಲ್ಲ. ಗದ್ದ ಎತ್ತಿ ಹೇಳುವ ಬುಡುವಿಗೆ ತುಟಿ ಮುಂದೆ ಬಂದು ನಿಧಾನ ತೆರೆಯುತ್ತದೆ. ಪರದೆಯ ಮೇಲಿನ ತುಟಿ ಕಿವಿಯವರೆಗೂ ಎಳೆದುಕೊಂಡು ಒಮ್ಮೆಗೇ ತೆರೆದುಕೊಂಡಿತ್ತು. ಬೇಗ ಹೇಳಿ ನೋಡಿದ, ಮೆಲ್ಲಗೆ ಹೇಳಿ ನೋಡಿದ. ಒಂಬತ್ತು ಸಲ ಆಯಿತು. ಲಿಪ್ ಕೂರ್ತಿಲ್ಲ ಸರ್, ಇನ್ನೊಂದು ಸಲ, ಎಂದು ಕಿವಿಯಲ್ಲಿ ಬರುತ್ತಲೇ ಇತ್ತು.  ತೋರಿಕೆಯದ್ದು ಮಾಡಲು ಅವನಿಗೆ ಇಲ್ಲಿಯೂ ಬರಲಿಲ್ಲ. ಹತ್ತನೆಯ ಸಲ ದಿಲೀಪನ ಕಣ್ಣು ಹಲಗೆಯ ಕಡೆ ತಿರುಗಿದಾಗ ಅವನು ಗಾಜನ್ನೂ ಅಭಿಲಾಷನನ್ನೂ ಮರೆತ. ಹುಡುಗ ಕೂಗಿದ್ದು ಹೇಗೋ ಹಾಗೆಯೇ ಕೂಗಿದ. ನಾಲ್ಕು ಎಣಿಸಿ ಮತ್ತೊಮ್ಮೆ ಕೂಗಿದ.

ಎರಡು ಕೂಗೂ ತುಟಿಗೆ ಕೂದಲೆಳೆ ವ್ಯತ್ಯಾಸವಿಲ್ಲದೆ ಕೂತವು. ಆಚೆಯಿಂದ ಚಪ್ಪಾಳೆ ಕೇಳಿಸಿತು. ಸ್ವಲ್ಪ ಸೀರಿಯಸ್ ಆಯಿತು, ಪರವಾಗಿಲ್ಲ, ಹಿಂದೆ ಪೀಪಿಯ ಮ್ಯೂಸಿಕ್ ಹಾಕಿದರೆ ಕಾಮಿಡಿ ಆಗುತ್ತೆ ಅಂದ ಅಭಿಲಾಷ್. ಬೆಂಗಳೂರಿನ ಕಿವಿಗೆ ಬುಡು ಅಂದರೆ ಒಂದೇ ಬುಡು. ಚಲುವಾಚಾರಿ ಹೆಡ್‌ಫೋನು ತೆಗೆದಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ.

ಆ ಕಂತು ಬಂದ ಭಾನುವಾರ ಜಯಲಕ್ಷ್ಮಮ್ಮ ಅವನನ್ನು ಮನೆಗೇ ಕರೆಸಿಕೊಂಡಳು. ಹೋಗದೆ ಇರಬಹುದಿತ್ತು. ಹೋಗದಿದ್ದರೆ ಇನ್ನೊಂದು ಸುಳ್ಳು ಹೇಳಬೇಕಿತ್ತು, ಅದಕ್ಕೆ ಅವನಲ್ಲಿ ತ್ರಾಣ ಉಳಿದಿರಲಿಲ್ಲ. ನಡುಮನೆಯಲ್ಲಿ ಅಕ್ಕಪಕ್ಕದವರು ಹತ್ತು ಹನ್ನೆರಡು ಜನ. ಟಿವಿಯ ಮೇಲೆ ಗೋಡೆಯಲ್ಲಿ ದಿಲೀಪನ ಫೋಟೋ, ಅದಕ್ಕೆ ಆಗತಾನೇ ಹಾಕಿದ ಸೇವಂತಿಗೆ ಹಾರ. ದೀಪಶ್ರೀಯ ಮಗಳು ಚಿನ್ನು, ಐದು ವರ್ಷದವಳು, ಟಿವಿಗೆ ಮೂಗು ತಾಗಿಸಿಕೊಂಡು ಕೂತಿದ್ದಳು. ಜಯಲಕ್ಷ್ಮಮ್ಮ ಆಚಾರಿಗೆ ತನ್ನ ಪಕ್ಕದಲ್ಲೇ ಚಾಪೆ ಹಾಕಿಸಿದ್ದಳು. ಮಗನ ಮುಖ ಬಂದಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಯ್ತುಂಬ ನಗುತ್ತಿದ್ದಳು. ಮದುವೆ ಮನೆಯ ಗೌಜಿನಂತೆ ಇತ್ತು.

ನಿನ್ನೆಗೆ ಹೋಗುವ ಗಾಣ ಬಂತು. ಮೊದಲ ಬುಡುವಿಗೆ ಮನೆಯೆಲ್ಲ ನಕ್ಕಿತು. ಎರಡನೆಯದಕ್ಕೆ ಪೀಪಿ ಊದಿತು, ಜನ ಇನ್ನೂ ನಕ್ಕರು. ಮೂರನೆಯದಕ್ಕೆ ದಿಲೀಪನ ಮುಖ ಹಾಗೆಯೇ ನಿಂತು, ಕೆಳಗೆ ಅವನು ಹುಟ್ಟಿದ ಇಸವಿ ಮತ್ತು ಹೋದ ಇಸವಿ ಮೂಡಿದವು. ಚಿನ್ನು ಎದ್ದು ನಿಂತು ಗದ್ದ ಎತ್ತಿ ಮೂರು ಸಲ ಹಾಗೆಯೇ ಅಂದಳು. ಅವಳನ್ನು ನೋಡಿ ಮತ್ತೆ ನಗು.

ಜಯಲಕ್ಷ್ಮಮ್ಮ ನಗಲಿಲ್ಲ. ಎರಡನೆಯದಕ್ಕೇ ಅವಳ ನಗು ನಿಂತಿದ್ದನ್ನು ಚಲುವಾಚಾರಿ ಕಂಡಿದ್ದ. ಟಿವಿ ಆರಿಸಲು ಹೇಳಿದಳು. ಚಿನ್ನುವನ್ನು ಹೊರಗೆ ಕರೆದುಕೊಂಡು ಹೋಗಲು ಮಗಳಿಗೆ ಹೇಳಿದಳು. ಅವಳ ಮುಖ ನೋಡಿ ನೆರೆಯವರೂ ಒಬ್ಬೊಬ್ಬರಾಗಿ ಎದ್ದರು, ತಾಯಿಗೆ ಸಂಕಟವಾಗಿದೆ ಅಂದುಕೊಂಡು. ಅವರೆಲ್ಲ ಹೋಗುವವರೆಗೂ ಅವಳು ಆರಿದ ಟಿವಿಯನ್ನೇ ನೋಡುತ್ತಿದ್ದಳು. ಆಮೇಲೆ ಆಚಾರಿಯ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು.

“ಎಮ್ಮೆ ಎಳ್ಕಂಡೋದಾಗ ಅವ್ನು ಇಂಗೇ ಕೂಗಿದ್ದು,” ಅಂದಳು. “ಗಂಟ್ಲು ನಿಮ್ದು ಆಚಾರ್ರೆ. ಕೂಗು ನನ್ ಮಗುಂದು. ಇದ್ನ ನೀವ್ ಎಲ್ ಕೇಳುದ್ರಿ?”

ಈಗಲಾದರೂ ತಪ್ಪಿಸಿಕೊಳ್ಳಬಹುದಿತ್ತು. ಸ್ಟುಡಿಯೋದವರು ಹಾಗೆ ಹೇಳಿಸಿದರು ಅಂದಿದ್ದರೆ ಅವಳು ನಂಬಲು ಪ್ರಯತ್ನ ಪಡುತ್ತಿದ್ದಳು. ಚಲುವಾಚಾರಿ ಗೋಡೆಯ ಫೋಟೋ ನೋಡಲಿಲ್ಲ, ಅವಳ ಮುಖವನ್ನೇ ನೋಡಿದ.

“ಅಲ್ಲೇ ಕಣವ್ವ. ಅಲ್ಗೆ ಇಂದ್ಗಡೆ ನಿಂತ್ಕಂಡು.”

“ನಗ್ತಾ ಓದ ಅಂದ್ರಲ್ಲ.”

“ಸುಳ್ಳು ಯೇಳ್ದೆ.”

ಹೊರಗೆ ಅಂಗಳದಲ್ಲಿ ಚಿನ್ನು ಇನ್ನೂ ಅದೇ ಆಟ ಆಡುತ್ತಿದ್ದಳು. ಜಯಲಕ್ಷ್ಮಮ್ಮ ಸ್ವಲ್ಪ ಹೊತ್ತು ಅದನ್ನು ಕೇಳಿಸಿಕೊಂಡಳು.

“ಕೇಳಿ ಏನ್ ಮಾಡುದ್ರಿ?”

“ಬುಟ್ಟೆ ಕಣವ್ವ,” ಅಂದ ಅವನು. “ಇನ್ನೂ ಬುಟ್ಟೆ.”

ಅವಳು ಹಿಡಿದ ಕೈಯನ್ನು ಬಿಗಿ ಮಾಡಿದಳು. ವರ್ಷಗಟ್ಟಲೆ ಹಾಲು ಕರೆದ ಕೈ, ಕಬ್ಬಿಣ ಬಡಿದವನ ಮಣಿಕಟ್ಟೂ ನೊಂದಿತು. ಉಗುರು ಚರ್ಮದೊಳಕ್ಕೆ ಇಳಿಯಿತು, ರಕ್ತ ಜಿನುಗಿ ಚಾಪೆಯ ಮೇಲೆ ಬಿತ್ತು. ಚಲುವಾಚಾರಿ ಬಿಡು ಅನ್ನಲಿಲ್ಲ.